ಮೀನಖಂಡವನ್ನು ತಿಕ್ಕಿದ್ದು ಸಾಕು, ಕೆಲಸ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಮಳೆ ಬಿಡುತ್ತಿದ್ದಂತೆ ಉಡುಪಿಯ ಅಜ್ಜರಕಾಡು ಮೈದಾನ, ಮಂಗಳೂರಿನ ಕದ್ರಿ ಪಾರ್ಕು, ಮಲ್ಪೆ ಮತ್ತು ಪಣಂಬೂರಿನ ಕಡಲ ಕಿನಾರೆಗಳಲ್ಲಿ ನಡೆಯುವವರೂ ಓಡುವವರೂ ಮತ್ತೆ ಕಾಣಿಸಿಕೊಳ್ಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೇ ಉಳಿದ ಕಾಲುಗಳಿಗೆ ಒಮ್ಮೆಲೇ ಐದಾರು ಕಿಲೋಮೀಟರಿನ ಕೆಲಸ ಬೀಳುತ್ತದೆ. ಎರಡು ವಾರ ಕಳೆಯುವುದರೊಳಗೆ ಮೀನಖಂಡದ ನೋವು ಶುರು. ಆಗ ಎಲ್ಲರೂ ಹೇಳುವ ಮದ್ದು ಒಂದೇ: ಎಣ್ಣೆ ಬಿಸಿ ಮಾಡಿ ತಿಕ್ಕಿ, ಗೋಡೆಗೆ ಕೈಯಿಟ್ಟು ಕಾಲು ಎಳೆಯಿರಿ, ನಾಲ್ಕು ದಿನ ಸುಮ್ಮನಿರಿ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಬಹುಮಟ್ಟಿಗೆ ಇದೇ ಸಲಹೆ ಬರುತ್ತದೆ. ನೋವು ನಾಲ್ಕು ದಿನದಲ್ಲಿ ಇಳಿಯುವುದು ನಿಜ. ಆದರೆ ತಿಂಗಳೊಳಗೆ ಅದೇ ಜಾಗದಲ್ಲಿ ಮತ್ತೆ ಹಿಡಿದುಕೊಳ್ಳುತ್ತದೆ. ಆ ಸ್ನಾಯುವಿಗೆ ಬೇಕಿದ್ದದ್ದು ಬಲ. ಎಣ್ಣೆಯಿಂದ ಬಲ ಬರುವುದಿಲ್ಲ, ವಿಶ್ರಾಂತಿಯಿಂದ ಇದ್ದ ಬಲವೂ ಇಳಿಯುತ್ತದೆ. ಬಲ ಬರಿಸುವ ಬಗೆಯನ್ನು ತಮ್ಮ ಓದುಗರಿಗೆ ವಿವರವಾಗಿ ತಿಳಿಸಬೇಕೆಂದು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಅರ್ಧ ಹೇಳಿದರೆ ತಪ್ಪಾಗಿ ಮಾಡುವವರೇ ಹೆಚ್ಚು ಎಂಬ ಕಾರಣಕ್ಕೆ ಮೊಟಕು ಮಾಡಿಲ್ಲ.

ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಮೇಲ್ಪದರದಲ್ಲಿರುವುದು ಗ್ಯಾಸ್ಟ್ರಾಕ್ನೀಮಿಯಸ್. ಇದು ತೊಡೆಮೂಳೆಯ ಕೆಳತುದಿಯ ಹಿಂಬದಿಯಿಂದ ಎರಡು ಕವಲಾಗಿ ಹೊರಟು ಮಂಡಿಯನ್ನು ದಾಟಿ ಕೆಳಗಿಳಿಯುತ್ತದೆ. ಕಾಲಿನ ಹಿಂಬದಿ ಕಣ್ಣಿಗೆ ಕಾಣುವ ಉಬ್ಬು ಇದರದ್ದೇ. ಇದರ ಅಡಿಯಲ್ಲಿ ಅಗಲವಾಗಿ ಚಪ್ಪಟೆಯಾಗಿ ಹರಡಿಕೊಂಡಿರುವುದು ಸೋಲಿಯಸ್. ಅದು ಹೊರಡುವುದು ಮಂಡಿಯ ಕೆಳಗಿನ ಎರಡು ಎಲುಬುಗಳ ಹಿಂಭಾಗದಿಂದ, ಹಾಗಾಗಿ ಮಂಡಿಗೂ ಅದಕ್ಕೂ ಸಂಬಂಧವಿಲ್ಲ. ಕೆಳಗೆ ಎರಡೂ ಸೇರಿ ಅಕಿಲಿಸ್ ರಜ್ಜುವಾಗಿ ಹಿಮ್ಮಡಿಯ ಎಲುಬಿಗೆ ಅಂಟಿಕೊಳ್ಳುತ್ತವೆ. ಹಿಮ್ಮಡಿಯನ್ನು ನೆಲದಿಂದ ಮೇಲೆತ್ತುವುದು ಎರಡರ ಕೆಲಸವೂ ಹೌದು. ಆದರೆ ಮಂಡಿ ಮಡಚಿದಾಗ ಮೇಲಿನ ಸ್ನಾಯು ಸಡಿಲಾಗಿ ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಭಾರವೆಲ್ಲ ಸೋಲಿಯಸ್‌ನ ಮೇಲೆ ಬೀಳುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಇದನ್ನು ಯಾರು ಬೇಕಾದರೂ ತಮ್ಮ ಕಾಲಲ್ಲೇ ಮುಟ್ಟಿ ತಿಳಿಯಬಹುದು. ಕುರ್ಚಿಯಲ್ಲಿ ಕುಳಿತು ಪಾದವನ್ನು ಮಂಡಿಯ ನೇರ ಕೆಳಗೆ ಊರಿ. ಒಂದು ಕೈಯಲ್ಲಿ ಮಂಡಿಯನ್ನು ಕೆಳಗೆ ಅದುಮಿ, ಇನ್ನೊಂದು ಕೈಯಲ್ಲಿ ಮೀನಖಂಡದ ಉಬ್ಬನ್ನು ಹಿಡಿದು ಹಿಮ್ಮಡಿ ಎತ್ತಿ. ಉಬ್ಬು ಹೆಚ್ಚುಕಡಿಮೆ ಮೆತ್ತಗೇ ಇರುತ್ತದೆ. ಈಗ ಆ ಕೈಯನ್ನು ಒಂದು ಅಂಗೈಯಗಲ ಕೆಳಗೆ ಸರಿಸಿ, ಹೆಬ್ಬೆರಳು ಒಂದು ಬದಿಗೆ, ಉಳಿದ ಬೆರಳು ಇನ್ನೊಂದು ಬದಿಗೆ ಬರುವಂತೆ ಹಿಡಿದು ಮತ್ತೆ ಎತ್ತಿ. ಎರಡೂ ಬದಿಯಲ್ಲಿ ಬಿಗಿದುಕೊಳ್ಳುವುದು ಸೋಲಿಯಸ್. ಬಳಿಕ ಎದ್ದು ನಿಂತು, ಮಂಡಿ ನೆಟ್ಟಗಿಟ್ಟು ತುದಿಗಾಲಲ್ಲಿ ಏರಿದರೆ ಮೇಲಿನ ಉಬ್ಬು ಕಲ್ಲಾಗುತ್ತದೆ.

ಸೋಲಿಯಸ್‌ನ ಎಳೆಗಳಲ್ಲಿ ಸುಮಾರು 80 ಶೇಕಡಾ ನಿಧಾನವಾಗಿ ಸಂಕುಚಿಸುವ, ಬೇಗ ದಣಿಯದ ಬಗೆಯವು. ಮೇಲಿನ ಸ್ನಾಯುವಿನಲ್ಲಿ ಅಂಥವು ಅರ್ಧದಷ್ಟು ಮಾತ್ರ. ಹಾಗಾಗಿ ಜಿಗಿತಕ್ಕೆ, ಏಕಾಏಕಿ ಓಟಕ್ಕೆ ಮೇಲಿನದು ಮುಂದಾಗುತ್ತದೆ. ನಡೆಯುವುದು, ನಿಧಾನ ಓಡುವುದು, ಗಂಟೆಗಟ್ಟಲೆ ನಿಲ್ಲುವುದು ಇವೆಲ್ಲ ಸೋಲಿಯಸ್‌ನ ಪಾಲು. ಸುಮ್ಮನೆ ನಿಂತಾಗಲೂ ನಮ್ಮ ದೇಹದ ಭಾರ ಪಾದದ ಕೀಲಿಗಿಂತ ತುಸು ಮುಂದೆ ಬೀಳುತ್ತದೆ, ಮುಗ್ಗರಿಸದಂತೆ ಹಿಂದಿನಿಂದ ಹಿಡಿದಿರುವುದು ಇದೇ ಸ್ನಾಯು. ಇಷ್ಟೆಲ್ಲ ಮಾಡುವ ಸ್ನಾಯುವಿಗೆ ಹೆಚ್ಚಿನವರು ಜೀವಮಾನದಲ್ಲಿ ಒಂದು ದಿನವೂ ಪ್ರತ್ಯೇಕ ವ್ಯಾಯಾಮ ಕೊಟ್ಟಿರುವುದಿಲ್ಲ ಎಂಬುದು ನಮ್ಮಂಥ ಫಿಸಿಯೋಥೆರಪಿಸ್ಟರಿಗೆಲ್ಲ ಗೊತ್ತಿರುವ ಸಂಗತಿ.

ಅಕಿಲಿಸ್ ರಜ್ಜು ದೇಹದಲ್ಲೇ ದಪ್ಪದ, ಗಟ್ಟಿಯಾದ ರಜ್ಜು. ಉದ್ದ ಸುಮಾರು 15 ಸೆಂ.ಮೀ. ಇದರ ಎಳೆಗಳು ನೆಟ್ಟಗೆ ಇಳಿಯುವುದಿಲ್ಲ, ತೆಂಗಿನ ನಾರಿನ ಹಗ್ಗಕ್ಕೆ ಹುರಿ ಹಾಕಿದ ಹಾಗೆ ತಿರುಚಿಕೊಂಡು ಇಳಿಯುತ್ತವೆ. ಓಡುವಾಗ ಇದರ ಮೇಲೆ ದೇಹದ ತೂಕದ 6ರಿಂದ 8 ಪಟ್ಟು ಎಳೆತ ಬೀಳುತ್ತದೆ. ಅಂದರೆ 60 ಕೆ.ಜಿ.ಯ ವ್ಯಕ್ತಿ ಹೆಜ್ಜೆಯಿಡುವಾಗಲೆಲ್ಲ 360ರಿಂದ 480 ಕೆ.ಜಿ. ಹಿಮ್ಮಡಿಯಿಂದ 2ರಿಂದ 6 ಸೆಂ.ಮೀ. ಮೇಲಿನ ಭಾಗದಲ್ಲಿ ರಕ್ತಸಂಚಾರ ಕಡಿಮೆ. ಸವೆತ, ಊತ, ಹರಿಯುವಿಕೆ ಹೆಚ್ಚಾಗಿ ಅಲ್ಲೇ.

ವ್ಯಾಯಾಮಕ್ಕೆ ಮೊದಲು ಕಾಲಿನ ಈಗಿನ ಸ್ಥಿತಿ ಅಳೆದುಕೊಳ್ಳಿ. ಗೋಡೆಗೆ ಎರಡು ಬೆರಳು ತಾಗಿಸಿ ಒಂಟಿಕಾಲಲ್ಲಿ ನಿಂತು, ಮಂಡಿ ಮಡಚದೆ, ಎರಡು ಸೆಕೆಂಡಿಗೊಮ್ಮೆ ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಿ. ಎತ್ತರ ಕಡಿಮೆಯಾದಾಗ, ಮಂಡಿ ಬಾಗಿದಾಗ, ಗೋಡೆಯ ಮೇಲೆ ಭಾರ ಹಾಕಿದಾಗ ಎಣಿಕೆ ಮುಗಿಯಿತು. ಆರೋಗ್ಯವಂತ ವಯಸ್ಕರಿಗೆ 25 ಎಂಬ ಅಳತೆ ಬಹುಕಾಲದಿಂದ ಬಳಕೆಯಲ್ಲಿದೆ. ವಯಸ್ಸು ಏರಿದಂತೆ ಇದು ಇಳಿಯುವುದು ಸಹಜ, ಅರುವತ್ತು ದಾಟಿದವರು 25 ಬರಲಿಲ್ಲವೆಂದು ಚಿಂತಿಸಬೇಕಿಲ್ಲ. ಎಡಗಾಲು 22, ಬಲಗಾಲು 9 ಎಂದಾದರೆ ಮಾತ್ರ ಆ ಬಲಗಾಲಿಗೆ ಕೆಲಸವಿದೆ ಎಂದು ತಿಳಿಯಿರಿ. ಎರಡನೆಯದು ಬಿಗಿತದ ಪರೀಕ್ಷೆ. ಗೋಡೆಗೆ ಮುಖಮಾಡಿ ಹೆಬ್ಬೆರಳಿನಿಂದ ಗೋಡೆಗೆ 10 ಸೆಂ.ಮೀ. ಅಂತರವಿಟ್ಟು, ಹಿಮ್ಮಡಿ ನೆಲ ಬಿಡದ ಹಾಗೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗದಿದ್ದರೆ, ಅಥವಾ ಎರಡು ಕಾಲಿನ ಅಂತರದಲ್ಲಿ 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸೋಲಿಯಸ್ ಇಲ್ಲವೇ ಪಾದದ ಕೀಲು ಬಿಗಿದಿದೆ.

ನಿಂತು ಮಾಡುವ ಹಿಮ್ಮಡಿ ಎತ್ತುವ ವ್ಯಾಯಾಮ ಎಲ್ಲರಿಗೂ ಗೊತ್ತು, ಸರಿಯಾಗಿ ಮಾಡುವವರು ಕಡಿಮೆ. ಎರಡೂ ಕಾಲಲ್ಲಿ ನಿಂತು ಎರಡು ಸೆಕೆಂಡಿನಲ್ಲಿ ಏರಿ, ತುದಿಯಲ್ಲಿ ಒಂದು ಸೆಕೆಂಡು ನಿಂತು, ಮೂರು ಸೆಕೆಂಡಿನಲ್ಲಿ ಇಳಿಯಿರಿ. 15ರಂತೆ ಮೂರು ಸುತ್ತು, ನಡುವೆ ಒಂದೂವರೆ ನಿಮಿಷ ಬಿಡುವು. ಇದು ಸುಲಭವಾದಾಗ ಎರಡು ಕಾಲಲ್ಲಿ ಏರಿ ಒಂದರಲ್ಲಿ ಇಳಿಯಿರಿ. ಆಮೇಲೆ ಒಂಟಿಕಾಲಲ್ಲೇ ಏರಿಳಿಯಿರಿ. ಅದೂ 15 ಸಲೀಸಾಗಿ ಬಂದ ಮೇಲೆ ಬೆನ್ನಿಗೆ 5 ಕೆ.ಜಿ.ಯ ಬ್ಯಾಗು ಹಾಕಿ, ವಾರಕ್ಕೊಮ್ಮೆ ಎರಡೆರಡು ಕೆ.ಜಿ. ಏರಿಸಿ.

ಇಲ್ಲಿ ತಪ್ಪುವುದು ಹೇಗೆಂದರೆ, ಮೊದಲನೆಯದಾಗಿ ವೇಗ. ಟಪಟಪನೆ ಪುಟಿದರೆ ಕೆಲಸ ಮಾಡುವುದು ರಜ್ಜುವಿನ ಪುಟಿತ, ಸ್ನಾಯುವಲ್ಲ. ಐವತ್ತು ಸಲ ಪುಟಿದು ಏನೂ ಆಗಲಿಲ್ಲ ಎನ್ನುವವರು ಹತ್ತು ಸಲ ನಿಧಾನ ಮಾಡಿ ನೋಡಲಿ. ಇನ್ನೊಂದು, ಭಾರ ಕಿರುಬೆರಳಿನ ಕಡೆಗೆ ಹೊರಳುವುದು. ಏರಿದಾಗ ಭಾರ ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ಬುಡದ ಮೇಲಿರಬೇಕು. ಹೊರಕ್ಕೆ ಹೊರಳಿದರೆ ಪಾದ ಉಳುಕುತ್ತದೆ. ತುದಿಯ ಕೊನೆಯ ಎರಡು ಸೆಂಟಿಮೀಟರ್ ಏರದೆ ಬಿಡುವವರೇ ಹೆಚ್ಚು, ಅಲ್ಲೇ ಸ್ನಾಯು ಅತ್ಯಂತ ದುರ್ಬಲ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಇಟ್ಟು ಹಿಮ್ಮಡಿಯನ್ನು ಕೆಳಗಿಳಿಸುವುದು ಒಳ್ಳೆಯದೇ, ಆದರೆ ಅಂಗಳದ ಮುರಕಲ್ಲಿನ ಮೆಟ್ಟಿಲಿನ ಪಾಚಿ ಮಳೆಗಾಲ ಮುಗಿದ ಮೇಲೂ ಹೋಗಿರುವುದಿಲ್ಲ. ಅಲ್ಲಿ ಬೇಡ. ಒಳಗಿನ ಮೆಟ್ಟಿಲಲ್ಲಿ, ಪಕ್ಕದ ಕಂಬಿ ಹಿಡಿದೇ ಮಾಡಿ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ಮೆಟ್ಟಿಲಂಚಿನ ವ್ಯಾಯಾಮ ಮಾಡಲೇಬಾರದು. ಮೆತ್ತನೆಯ ಅಡಿಯ ಶೂ ಹಾಕಿ, ಸಮನೆಲದಲ್ಲಿ ಮಾಡಿ. ಮೀನಖಂಡ ಬಿಗಿದಿದ್ದರೆ ನಡೆಯುವಾಗ ಮುಂಗಾಲಿನ ಮೇಲೆ ಒತ್ತಡ ಹೆಚ್ಚಿ ಅಲ್ಲಿ ಹುಣ್ಣಾಗುವ ಸಂಭವ ಏರುವುದರಿಂದ, ಇವರಿಗೆ ಮೀನಖಂಡದ ಆರೈಕೆ ಉಳಿದವರಿಗಿಂತ ಹೆಚ್ಚು ಬೇಕು.

ಇನ್ನು ಮಂಡಿ ಮಡಚಿ ಮಾಡುವ ವ್ಯಾಯಾಮ. ಇದನ್ನು ಯಾರೂ ಮಾಡುವುದಿಲ್ಲ, ಮಾಡಿದವರೂ ಭಾರವಿಲ್ಲದೆ ಮಾಡುತ್ತಾರೆ. ಕುರ್ಚಿಯಲ್ಲಿ ಕುಳಿತು ಬರೀ ಹಿಮ್ಮಡಿ ಎತ್ತಿದರೆ ಸೋಲಿಯಸ್ ಎತ್ತುವುದು ಕಾಲಿನ ತೂಕವನ್ನು ಮಾತ್ರ. ದಿನವಿಡೀ ಇಡೀ ದೇಹ ಹೊರುವ ಸ್ನಾಯುವಿಗೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಭಾರ ಬೇಕು. ಗಟ್ಟಿ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತು, ಮುಂಗಾಲುಗಳನ್ನು ಎರಡು ಇಂಚು ದಪ್ಪದ ಹಲಗೆಯ ಮೇಲಿಟ್ಟು, ತೊಡೆಯ ಮೇಲೆ ಮಂಡಿಯ ಹತ್ತಿರಕ್ಕೆ ಮಡಚಿದ ಬೈರಾಸು (ಟವೆಲು) ಹಾಕಿ, ಅದರ ಮೇಲೆ 10 ಕೆ.ಜಿ. ಅಕ್ಕಿಯ ಚೀಲ ಅಡ್ಡ ಇಡಿ. ಚೀಲ ತೊಡೆಯ ನಡುವಿಗೆ ಜಾರಿದರೆ ಅರ್ಧ ಭಾರ ಕುರ್ಚಿಗೇ ಹೋಗುತ್ತದೆ. ಹಿಮ್ಮಡಿಯನ್ನು ಹಲಗೆಯ ಮಟ್ಟಕ್ಕಿಂತ ಕೆಳಗಿಳಿಸಿ, ಅಲ್ಲಿ ಒಂದು ಸೆಕೆಂಡು ತಡೆದು, ಮೂರು ಸೆಕೆಂಡಿನಲ್ಲಿ ಮೇಲೆ, ಮೂರು ಸೆಕೆಂಡಿನಲ್ಲಿ ಕೆಳಗೆ. 12ರಂತೆ ಮೂರು ಸುತ್ತು. ಹನ್ನೆರಡನೆಯದು ಕಷ್ಟವಾಗಬೇಕು, ಮೀನಖಂಡದ ಕೆಳಭಾಗ ಉರಿಯಬೇಕು. ಉರಿಯದಿದ್ದರೆ ಭಾರ ಸಾಲದು. ಎರಡು ವಾರದ ಬಳಿಕ ಅದೇ ಚೀಲವನ್ನು ಒಂದೇ ಮಂಡಿಯ ಮೇಲಿಟ್ಟು ಮಾಡಿ, ಆಮೇಲೆ 20 ಕೆ.ಜಿ.ಗೆ ಏರಿಸಿ. ವಯಸ್ಸಾದವರಿಗೆ, ನಡೆಯಲು ಮಾತ್ರ ಬಲ ಬೇಕಾದವರಿಗೆ ಇಷ್ಟು ಬೇಕಾದಷ್ಟಾಯಿತು. ಓಡುವವರಿಗೆ ಸಾಲದು, ಅವರು ಜಿಮ್ಮಿನಲ್ಲಿ ಕುಳಿತು ಮಾಡುವ ಕಾಫ್ (ಮೀನಖಂಡದ) ಯಂತ್ರದಲ್ಲಿ ಇನ್ನೂ ಹೆಚ್ಚಿನ ಭಾರಕ್ಕೆ ಹೋಗಬೇಕು.

ಯಂತ್ರವಿಲ್ಲದವರು ನಿಂತೂ ಮಾಡಬಹುದು. ಗೋಡೆಗೆ ಎರಡೂ ಅಂಗೈ ಊರಿ, ಒಂಟಿಕಾಲಲ್ಲಿ ನಿಂತು, ಮಂಡಿಯನ್ನು ಕಾಲ್ಬೆರಳುಗಳಿಗಿಂತ ತುಸು ಮುಂದೆ ಬರುವಷ್ಟು ಬಾಗಿಸಿ, ಹಾಗೇ ಬಾಗಿಸಿಟ್ಟುಕೊಂಡು ಹಿಮ್ಮಡಿ ಎತ್ತಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಹಿಮ್ಮಡಿ ಏರುವಾಗ ಮಂಡಿ ನೆಟ್ಟಗಾಗುತ್ತದೆ, ಕೆಲಸ ಮೇಲಿನ ಸ್ನಾಯುವಿಗೆ ಹೋಗುತ್ತದೆ, ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ಬದಿಯಲ್ಲಿ ಕನ್ನಡಿ ಇಟ್ಟುಕೊಳ್ಳಿ. ಅಥವಾ ಮನೆಯವರೊಬ್ಬರು ಮೊಬೈಲಿನಲ್ಲಿ ಬದಿಯಿಂದ ವೀಡಿಯೊ ತೆಗೆದರೆ ಒಂದೇ ನೋಟಕ್ಕೆ ಕಾಣುತ್ತದೆ.

ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ ಸಾಕು. ಮಂಡಿ ಮಡಚಿದ್ದನ್ನು ಮೊದಲು ಮಾಡಿ, ನಿಂತು ಮಾಡುವುದನ್ನು ಆಮೇಲೆ. ಮೊದಲ ನಾಲ್ಕು ವಾರದಲ್ಲಿ ಸಂಖ್ಯೆ ಏರುತ್ತದೆ, ನಿಜವಾಗಿ ಸ್ನಾಯು ಬೆಳೆಯಲು ಎಂಟರಿಂದ ಹನ್ನೆರಡು ವಾರ ಬೇಕು. ಮೊದಲ ದಿನವೇ ಉತ್ಸಾಹದಿಂದ ನೂರು ಮಾಡಿದವರು ಮೂರನೆಯ ದಿನ ಮೆಟ್ಟಿಲು ಇಳಿಯಲಾರರು. ಎಳೆಯುವ ವ್ಯಾಯಾಮ ಬೇಡವೆಂದಲ್ಲ. ಹಿಂದಿನ ಕಾಲಿನ ಮಂಡಿ ನೆಟ್ಟಗಿಟ್ಟು ಒಮ್ಮೆ, ಅದೇ ಕಾಲನ್ನು ಸ್ವಲ್ಪ ಮುಂದೆ ತಂದು ಮಂಡಿ ಬಾಗಿಸಿ ಇನ್ನೊಮ್ಮೆ, 30 ಸೆಕೆಂಡಿನಂತೆ ಮೂರು ಸಲ. ಪಾದ ನೇರ ಮುಂದಕ್ಕಿರಲಿ. ಹೊರಕ್ಕೆ ತಿರುಗಿದರೆ ಅಂಗಾಲಿನ ಕಮಾನು ಕುಸಿದು, ಎಳೆತ ಮೀನಖಂಡಕ್ಕೆ ತಲುಪುವುದೇ ಇಲ್ಲ.

ನಮ್ಮ ಜಿಲ್ಲೆಗಳಲ್ಲಿ ಈ ಸ್ನಾಯುವನ್ನು ಹೆಚ್ಚು ದುಡಿಸುವವರೆಂದರೆ ಯಕ್ಷಗಾನದ ಕಲಾವಿದರು. ಮೇ ಕೊನೆಯಲ್ಲಿ, ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಕಾಲು ನವೆಂಬರಿನಲ್ಲಿ ತಿರುಗಾಟ ಶುರುವಾದಾಗ ಮತ್ತೆ ಧೀಂಗಿಣದ ಸುತ್ತುಜಿಗಿತಕ್ಕೆ ಏಳುತ್ತದೆ. ನಡುವಿನ ತಿಂಗಳುಗಳಲ್ಲಿ ಮಳೆಗಾಲದ ಪ್ರದರ್ಶನಗಳಿಲ್ಲದವರ ಮೀನಖಂಡ ಅಷ್ಟು ಜಿಗಿತಕ್ಕೆ ತಯಾರಿರುವುದಿಲ್ಲ. ಸೆಪ್ಟೆಂಬರ್ ಮೊದಲ ವಾರದಿಂದ ಮೇಲೆ ಹೇಳಿದ ಎರಡು ವ್ಯಾಯಾಮ, ಅಕ್ಟೋಬರಿನಲ್ಲಿ ಅದರ ಜೊತೆ ಎರಡು ಕಾಲಲ್ಲಿ ಸಣ್ಣ ಜಿಗಿತ 20ರಂತೆ ಮೂರು ಸುತ್ತು, ಆಮೇಲೆ ಒಂಟಿಕಾಲಿನ ಜಿಗಿತ. ಹೀಗೆ ಏರಿಸಿದರೆ ಮೊದಲ ವಾರದ ಆಟಗಳಲ್ಲೇ ಕಾಲು ಹಿಡಿದುಕೊಂಡು ಕೂರುವ ಪ್ರಸಂಗ ಕಡಿಮೆಯಾಗುತ್ತದೆ. ಕಂಬಳದ ಓಟಗಾರರಿಗೂ ಇದೇ ಮಾತು. ಕೆಸರಿನಲ್ಲಿ ಹಿಮ್ಮಡಿಗೆ ಆಧಾರವಿಲ್ಲ, ಮುಂಗಾಲು ಊರಿಯೇ ದೇಹವನ್ನು ಮುಂದಕ್ಕೆ ತಳ್ಳಬೇಕು.

ಕಡಲ ಕಿನಾರೆಯಲ್ಲಿ ಓಡುವವರು ಒಣ ಮರಳಿನಲ್ಲಿ ಹಿಮ್ಮಡಿ ಹೂತುಹೋಗಿ ರಜ್ಜು ಪ್ರತಿ ಹೆಜ್ಜೆಗೂ ಮಿತಿಮೀರಿ ಎಳೆಯಲ್ಪಡುತ್ತದೆ ಎಂಬುದನ್ನು ನೆನಪಿಡಿ. ಮೊದಲ ವಾರ ಹತ್ತು ನಿಮಿಷ ಮೀರಬೇಡಿ. ನೀರಿನಂಚಿನ ಗಟ್ಟಿ ಮರಳು ವಾಸಿ, ಆದರೆ ಅದು ಕಡಲಿಗೆ ಇಳಿಜಾರು. ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ಹೋದಷ್ಟೇ ದೂರ ಅದೇ ಅಂಚಿನಲ್ಲಿ ಹಿಂದೆ ಬನ್ನಿ.

ಶಾಲಾ ಕ್ರೀಡಾಕೂಟದ ತಯಾರಿಯಲ್ಲಿರುವ 9ರಿಂದ 14 ವರ್ಷದ ಮಕ್ಕಳು ಹಿಮ್ಮಡಿ ನೋವೆಂದರೆ ದೈಹಿಕ ಶಿಕ್ಷಕರು ಬೇರೆ ರೀತಿ ಯೋಚಿಸಬೇಕು. ಹಿಮ್ಮಡಿಯನ್ನು ಎರಡು ಬದಿಯಿಂದ ಹಿಂಡಿದಾಗ ನೋವಾದರೆ ಅದು ಬೆಳೆಯುತ್ತಿರುವ ಎಲುಬಿನ ತುದಿಯನ್ನು ರಜ್ಜು ಎಳೆಯುವುದರಿಂದ ಬಂದದ್ದು. ಆ ಮಗುವಿಗೆ ಓಟ, ಜಿಗಿತ ಕಡಿಮೆ ಮಾಡಿ, ಶೂ ಒಳಗೆ ಹಿಮ್ಮಡಿಗೆ ಮೆತ್ತೆ ಕೊಡಿ. ಬರಿಗಾಲ ಓಟ ಬೇಡ, ಮೆಟ್ಟಿಲಂಚಿನ ವ್ಯಾಯಾಮವೂ ಬೇಡ. ಬೆಳವಣಿಗೆ ಮುಗಿದಾಗ ತಾನಾಗಿ ಹೋಗುತ್ತದೆ.

ಓಡುವಾಗ ಫಟ್ಟನೆ ಕಲ್ಲು ಬಡಿದಂತಾಗಿ ಮೀನಖಂಡದ ಒಳಬದಿಯ ಮೇಲ್ಭಾಗದಲ್ಲಿ ನೋವು ಬಂದರೆ ಮೇಲಿನ ಸ್ನಾಯು ಹರಿದಿದೆ. ಮೊದಲ ಎರಡು ಮೂರು ದಿನ ಬಿಸಿ ಶಾಖ ಬೇಡ, ತಿಕ್ಕುವುದು ಖಂಡಿತ ಬೇಡ; ಒಳಗೆ ಸೋರುವ ರಕ್ತ ಹೆಚ್ಚುತ್ತದೆ. ಬೆರಳ ಬುಡದಿಂದ ಮಂಡಿಯ ಕೆಳಗಿನವರೆಗೆ ಕ್ರೇಪ್ ಬ್ಯಾಂಡೇಜು, ಬಟ್ಟೆಯಲ್ಲಿ ಸುತ್ತಿದ ಐಸು ಹತ್ತು ನಿಮಿಷ, ಎರಡೂ ಚಪ್ಪಲಿಯಲ್ಲಿ ಹಿಮ್ಮಡಿಯಡಿ ಒಂದು ಸೆಂ.ಮೀ. ಏರಿಕೆ. ನೋವಾಗದಷ್ಟು ಪಾದ ಆಡಿಸುವುದನ್ನು ಬೇಗನೇ ಶುರುಮಾಡಿ. ಎಳೆಯುವ ವ್ಯಾಯಾಮವನ್ನು ಮಾತ್ರ ಅವಸರದಿಂದ ಮಾಡಬೇಡಿ, ಕೂಡಿಕೊಳ್ಳುತ್ತಿರುವ ಎಳೆಗಳನ್ನು ಮತ್ತೆ ಬಿಡಿಸಿದಂತಾಗುತ್ತದೆ. ಸೋಲಿಯಸ್‌ನ ಹರಿಯುವಿಕೆ ಮೋಸದ್ದು. ಸದ್ದಿಲ್ಲ, ಹೊಡೆತವಿಲ್ಲ. ಆಳದಲ್ಲಿ ಬಿಗಿತ, ನಿಧಾನ ಓಡುವಾಗ ಹೆಚ್ಚು, ನಿಂತರೆ ಕಡಿಮೆ. ಜನ ಅದನ್ನು ನರ ಹಿಡಿದದ್ದೆಂದು ತಿಳಿದು ತಿಕ್ಕಿಸಿಕೊಂಡು ಓಡುತ್ತಲೇ ಇರುತ್ತಾರೆ. ಮತ್ತೆ ಮತ್ತೆ ಮರುಕಳಿಸುವ ಮೀನಖಂಡದ ನೋವಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಎರಡೂ ಕಾಲಲ್ಲಿ ಹಿಮ್ಮಡಿ ಎತ್ತುವ ಸಂಖ್ಯೆ ಸಮವಾಗಿ, ಅರ್ಧ ಗಂಟೆಯ ಬಿರುಸು ನಡಿಗೆ ನೋವಿಲ್ಲದೆ ಸಾಗಿದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಮರಳಿ.

ರಜ್ಜುವಿನ ನೋವು ಬೆಳಗ್ಗೆ ಎದ್ದು ಮೊದಲ ಹೆಜ್ಜೆಗಳಲ್ಲಿ ಕಾಣಿಸುತ್ತದೆ. ಇದಕ್ಕೆ 1998ರಲ್ಲಿ ಸ್ವೀಡನ್ನಿನ ಮೂಳೆವೈದ್ಯ ಹೋಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ: ಒಳ್ಳೆಯ ಕಾಲಲ್ಲಿ ಏರಿ, ನೋಯುವ ಕಾಲಲ್ಲಿ ಮೆಟ್ಟಿಲಂಚಿನಿಂದ ನಿಧಾನ ಇಳಿಯುವುದು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸುತ್ತು, ಮಂಡಿ ಬಾಗಿಸಿ ಮತ್ತೆ ಮೂರು, ದಿನಕ್ಕೆರಡು ಬಾರಿ, ಹನ್ನೆರಡು ವಾರ. ದಿನಕ್ಕೆ 180 ಆಯಿತು. ಇಷ್ಟು ಸಮಯ ಇಲ್ಲದವರಿಗೆ ಹೆಚ್ಚು ಭಾರ ಹಾಕಿ ನಿಧಾನವಾಗಿ ವಾರಕ್ಕೆ ಮೂರೇ ದಿನ ಮಾಡುವ ಕ್ರಮವೂ ಅಷ್ಟೇ ಗುಣ ಕೊಡುತ್ತದೆ. ವ್ಯಾಯಾಮದಲ್ಲಿ ಸ್ವಲ್ಪ ನೋವು ಇರಲಿ. ಹತ್ತರಲ್ಲಿ ಐದು ಮೀರದಿದ್ದು, ಮರುದಿನ ಬೆಳಗ್ಗೆ ಹಿಂದಿನ ಮಟ್ಟಕ್ಕೆ ಇಳಿದಿದ್ದರೆ ಹೆದರಬೇಡಿ. ನೋವು ಸರಿಯಾಗಿ ಹಿಮ್ಮಡಿಯ ಎಲುಬಿಗೆ ಅಂಟಿದಲ್ಲೇ ಇದ್ದರೆ ಮಾತ್ರ ಮೆಟ್ಟಿಲು ಬೇಡ: ಹಿಮ್ಮಡಿ ತಗ್ಗಿದಾಗ ರಜ್ಜು ಎಲುಬಿಗೆ ಒತ್ತಿ ಇನ್ನಷ್ಟು ಕೆರಳುತ್ತದೆ. ಅವರು ಸಮನೆಲದಲ್ಲೇ ಮಾಡಲಿ. ರಜ್ಜುವಿಗೇ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವುದು ಅದು ಹರಿಯುವ ಅಪಾಯ ತರುತ್ತದೆ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ತೆಗೆದುಕೊಳ್ಳುವಾಗ ಹಿಮ್ಮಡಿಯ ಮೇಲೆ ನೋವು ಬಂದರೆ ಆ ದಿನವೇ ವೈದ್ಯರಿಗೆ ತಿಳಿಸಿ.

ಯಾವ ವ್ಯಾಯಾಮವೂ ಮಾಡಬಾರದ, ಯಾರ ಕೈಯಿಂದಲೂ ತಿಕ್ಕಿಸಬಾರದ ನೋವುಗಳು ಇವೆ. ಈ ಭಾಗವನ್ನಾದರೂ ತಾವು ದಪ್ಪಕ್ಷರದಲ್ಲಿ ಹಾಕಬೇಕೆಂದು ಕೋರಿಕೆ. ಕರಾವಳಿಯಲ್ಲಿ ಮೊದಲನೆಯದು ಇಲಿಜ್ವರ. ಗದ್ದೆಗೆ, ತೋಡಿಗೆ, ಕೊಚ್ಚೆ ನೀರಿಗೆ ಇಳಿದ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಕೆಂಪು ಕಣ್ಣು, ಜೊತೆಗೆ ಎರಡೂ ಮೀನಖಂಡ ಮುಟ್ಟಿಸಿಕೊಳ್ಳಲಾರದಷ್ಟು ನೋವು ಬಂದರೆ ಅದು ನಾಟಿ ಕೆಲಸದ ಆಯಾಸವಲ್ಲ. ಎಣ್ಣೆ ಹಚ್ಚಿ ನೋವಿನ ಮಾತ್ರೆ ನುಂಗಿ ನಾಲ್ಕು ದಿನ ಕಾದರೆ ಮೂತ್ರಪಿಂಡ, ಯಕೃತ್ತು (ಲಿವರ್), ಶ್ವಾಸಕೋಶಗಳಿಗೆ ಹೊಡೆತ ಬೀಳುತ್ತದೆ. ಬೇಗ ಹೋದರೆ ಸಾಮಾನ್ಯ ಆಂಟಿಬಯೋಟಿಕ್‌ನಿಂದಲೇ ಗುಣವಾಗುವ ಕಾಯಿಲೆ ಇದು. ಎರಡನೆಯದು ರಕ್ತ ಹೆಪ್ಪುಗಟ್ಟುವಿಕೆ. ಶಸ್ತ್ರಚಿಕಿತ್ಸೆ, ಪ್ಲಾಸ್ಟರು, ಹೆರಿಗೆ, ಬೆಂಗಳೂರು-ಮುಂಬೈಯ ಉದ್ದ ಪ್ರಯಾಣದ ಬಳಿಕ ಒಂದೇ ಕಾಲು ಊದಿ, ಬಿಸಿಯಾಗಿ, ಬಿಗಿದು ನೋಯುತ್ತಿದ್ದರೆ ತಿಕ್ಕಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದೇ ದಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು. ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು ಇಷ್ಟು ದೂರ ನಡೆದರೆ ಮೀನಖಂಡ ಹಿಡಿಯುತ್ತದೆ, ಎರಡು ನಿಮಿಷ ನಿಂತರೆ ಬಿಡುತ್ತದೆ ಎಂದರೆ ರಕ್ತನಾಳ ಕಿರಿದಾಗಿದೆ. ಇವರಿಗೆ ನಡಿಗೆಯೇ ಮದ್ದು, ಆದರೆ ರಕ್ತನಾಳದ ವೈದ್ಯರು ನೋಡಿದ ಬಳಿಕ. ಹಿಂದಿನಿಂದ ಯಾರೋ ಒದ್ದಂತಾಗಿ ತುದಿಗಾಲಲ್ಲಿ ಏಳಲಾರದಾದರೆ ಬೋರಲು ಮಲಗಿಸಿ, ಪಾದ ಮಂಚದಾಚೆ ಇಳಿಬಿಟ್ಟು ಮೀನಖಂಡ ಹಿಂಡಿ ನೋಡಿ. ಪಾದ ಅಲ್ಲಾಡದಿದ್ದರೆ ಅಕಿಲಿಸ್ ರಜ್ಜು ಪೂರ್ತಿ ತುಂಡಾಗಿದೆ.

ರಾತ್ರಿ ಕಾಲು ಸೆಳೆತಕ್ಕೆ ಉಪಾಯ ಚಿಕ್ಕದು: ಮಂಡಿ ನೆಟ್ಟಗಿಟ್ಟು ಪಾದವನ್ನು ಮೊಣಕಾಲಿನ ಕಡೆಗೆ ಎಳೆಯಿರಿ, ಅಥವಾ ಎದ್ದು ಹಿಮ್ಮಡಿ ಊರಿ ನಿಲ್ಲಿ. ಹಾಸಿಗೆಯಲ್ಲಿ ಮೈಮುರಿಯುವಾಗ ಪಾದದ ತುದಿ ಚಾಚಬೇಡಿ, ಅದೇ ಸೆಳೆತ ಎಬ್ಬಿಸುವುದು. ವಯಸ್ಸಾದವರ ಸೆಳೆತಕ್ಕೆ ಮೆಗ್ನೀಸಿಯಂ ಮಾತ್ರೆಯಿಂದ ಹೇಳಿಕೊಳ್ಳುವಂಥ ಉಪಯೋಗ ಕಂಡಿಲ್ಲ. ಮಲಗುವ ಮುನ್ನ ಎರಡು ನಿಮಿಷ ಮೀನಖಂಡ ಎಳೆದು ಮಲಗುವುದು ಮೇಲು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಪದೇಪದೇ ಬಂದರೆ ವೈದ್ಯರಲ್ಲಿ ಕೇಳಿ.

ಕೊನೆಯದಾಗಿ, ನಿಂತು ದುಡಿಯುವವರ ವಿಷಯ. ಸೋಲಿಯಸ್‌ನೊಳಗೆ ಅಗಲವಾದ ಅಶುದ್ಧ ರಕ್ತದ ನಾಳಗಳಿವೆ. ಸ್ನಾಯು ಹಿಂಡಿದಾಗಲೆಲ್ಲ ಅಲ್ಲಿನ ರಕ್ತ ಮೇಲೇರುತ್ತದೆ, ನಾಳದೊಳಗಿನ ಕವಾಟಗಳು ಅದನ್ನು ಹಿಂದೆ ಬಾರದಂತೆ ತಡೆಯುತ್ತವೆ. ನಡೆಯುವಾಗ ಈ ಪಂಪು ಓಡುತ್ತದೆ, ಕದಲದೆ ನಿಂತಾಗ ನಿಲ್ಲುತ್ತದೆ. ಬಟ್ಟೆ ಅಂಗಡಿಯ ಹುಡುಗಿಯರು, ಹೋಟೆಲಿನ ಅಡುಗೆಯವರು, ಟ್ರಾಫಿಕ್ ಪೊಲೀಸರು ಸಂಜೆ ಕಾಲು ಊದಿಸಿಕೊಂಡು ಮನೆಗೆ ಹೋಗುವುದು, ವರ್ಷಗಳ ಬಳಿಕ ಕಾಲಲ್ಲಿ ನೀಲಿ ನಾಳಗಳು ಸುರುಳಿಯಾಗಿ ಉಬ್ಬುವುದು ಹೀಗೆ. ಅರ್ಧ ಗಂಟೆಗೊಮ್ಮೆ 15 ಸಲ ಹಿಮ್ಮಡಿ ಎತ್ತಿ ಇಳಿಸಲು ಒಂದು ನಿಮಿಷವೂ ಬೇಡ. ಕಾಲು ಚಾಚಿ ಕುಳಿತು ಬೀಡಿ ಕಟ್ಟುವ ಹೆಂಗಸರು ಒಂದೊಂದು ಕಟ್ಟು ಮುಗಿದಾಗಲೂ ಪಾದವನ್ನು ಹತ್ತು ಸಲ ಮುಂದಕ್ಕೂ ಹಿಂದಕ್ಕೂ ಆಡಿಸಲಿ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ನೌಕರರು ಕುಳಿತುಕೊಳ್ಳುವ ಹಕ್ಕನ್ನು ತಲಪಾಡಿ ದಾಟಿದರೆ ಸಿಗುವ ಕೇರಳ 2018ರಲ್ಲೂ ತಮಿಳುನಾಡು 2021ರಲ್ಲೂ ಕಾನೂನಿನಲ್ಲಿ ಸೇರಿಸಿವೆ. ಇಲ್ಲಿನ ಮಾಲಕರು ಕೌಂಟರಿನ ಹಿಂದೆ ಒಂದು ಸ್ಟೂಲು ಇಡಲು ಯಾರ ಆದೇಶಕ್ಕೂ ಕಾಯಬೇಕಿಲ್ಲ. ಪಾಲಿಕೆ ಮತ್ತು ನಗರಸಭೆಯವರಲ್ಲಿ ಇನ್ನೊಂದು ಕೋರಿಕೆ. ಪಾರ್ಕುಗಳಲ್ಲಿ ತುಕ್ಕು ಹಿಡಿಯುವ ಜಿಮ್ ಸಲಕರಣೆಗಳ ಬದಲು ನಡೆಯುವ ದಾರಿಯ ಬದಿಯಲ್ಲಿ 15 ಸೆಂ.ಮೀ. ಎತ್ತರದ ಒಂದು ಉದ್ದ ಮೆಟ್ಟಿಲು ಕಟ್ಟಿಸಿ, ಅದರುದ್ದಕ್ಕೂ ಸೊಂಟದೆತ್ತರಕ್ಕೆ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಹಾಕಿಸಲಿ. ಮೇಲ್ಮೈ ಒರಟಾಗಿರಲಿ, ಮಳೆನೀರು ನಿಲ್ಲದ ಹಾಗೆ ತುಸು ಓರೆಯಿರಲಿ, ಮೇಲೊಂದು ತಗಡಿನ ಮಾಡು ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಬಳಕೆಗೆ ಬರುತ್ತದೆ.

ಇತಿ,
ಓರ್ವ ಫಿಸಿಯೋಥೆರಪಿಸ್ಟ್, ಉಡುಪಿ